ಬೆಳ್ಳಿಯ ನೀರೂ ಚೆಲುವೆ ಪುಡಿಯ ನೀರೂ: ಮನೆಯಲ್ಲಿ ತಯಾರಿಸುವ ಕ್ರಮ ಮತ್ತು ಸಾಂದ್ರತೆಯ ಹದ

ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ರಾಯಚೂರು ಸೀಮೆಯ ಒಕ್ಕಲಿಗನು ಕೂರಿಗೆಯನ್ನು ಹೊರಕ್ಕೆ ತೆಗೆಯುವನು. ಅದೇ ಮಳೆಯು ತಿಪ್ಪೆಯ ರಸವನ್ನೂ ಚರಂಡಿಯ ಕೊಳೆಯನ್ನೂ ಬಯಲಿನ ಹೊಲಸನ್ನೂ ತೊಳೆದುಕೊಂಡು ಬಾವಿಗೂ ಕೆರೆಗೂ ಬಿರುಕುಬಿಟ್ಟ ಕೊಳಾಯಿಗೂ ಹೋಗಿ ಸೇರುವುದು. ಹೀಗೆ ಬಿತ್ತನೆಯ ಕಾಲವೂ ವಾಂತಿಭೇದಿಯ ಕಾಲವೂ ಜೊತೆಜೊತೆಯಾಗಿಯೇ ಬರುವುದರಿಂದ, ಮನೆಯಲ್ಲಿ ಇಬ್ಬರು ಹಾಸಿಗೆ ಹಿಡಿದರೆ ಆ ವರ್ಷದ ಹತ್ತಿ ತೊಗರಿಗಳ ಹದವು ತಪ್ಪಿತೆಂದೇ ತಿಳಿಯಬೇಕು. ಕುಡಿಯುವ ನೀರಿನ ವಿಚಾರವು ವೈದ್ಯರಿಗೆ ಸೇರಿದ್ದೇ ಹೊರತು ಬೇಸಾಯಕ್ಕೆ ಸಂಬಂಧಿಸಿದ್ದಲ್ಲವೆಂದು ಯಾರಾದರೂ ಹೇಳುವುದಾದರೆ, ಅವರು ನಾಟಿಯ ವೇಳೆಯಲ್ಲಿ ಮಾನ್ವಿಯ ಕಡೆಯ ಒಂದು ಗದ್ದೆಯನ್ನು ನೋಡಿ ಬರಲಿ. ದಿನವಿಡೀ ಬಾಗಿ ದುಡಿಯುವ ಹೆಂಗಸರು ಬಾಯಾರಿದಾಗ ಹಲವೆಡೆ ಕುಡಿಯುವುದು ಪಕ್ಕದ ಕಾಲುವೆಯ ನೀರನ್ನೇ.

೨೦೨೨ನೆಯ ಇಸವಿಯ ಮೇ ತಿಂಗಳ ಕೊನೆಯಲ್ಲಿಯೂ ಜೂನ್ ತಿಂಗಳ ಮೊದಲಲ್ಲಿಯೂ ರಾಯಚೂರು ನಗರದಲ್ಲಿ ನಲ್ಲಿಯ ನೀರು ಕಲುಷಿತವಾಗಿ ಹಲವರು ಪ್ರಾಣ ನೀಗಿದರು. ಆಸ್ಪತ್ರೆ ಸೇರಿದವರ ಸಂಖ್ಯೆ ಅದಕ್ಕೆ ಬಹುಪಾಲು ಮಿಗಿಲಾಗಿತ್ತು. ಮರುವರ್ಷ, ಎಂದರೆ ೨೦೨೩ರ ಮೇ ತಿಂಗಳಲ್ಲಿ, ದೇವದುರ್ಗ ತಾಲ್ಲೂಕಿನ ರೇಕಲಮರಡಿ ಗ್ರಾಮದಲ್ಲಿ ಕಲುಷಿತ ನೀರಿನಿಂದ ಊರಿನ ಅನೇಕರು ಅಸ್ವಸ್ಥರಾಗಿ ಒಂದು ಮಗುವು ತೀರಿಕೊಂಡಿತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ಇವೆರಡರ ನಡುವೆ ಇರುವ ದೋಆಬಿನ ನಾಡಿನಲ್ಲಿ ನೀರು ಕುಡಿದು ಸಾಯುವುದೆಂದರೆ ಅದನ್ನು ಏನೆಂದು ಹೇಳೋಣ! ಈ ಎರಡು ಸಂಗತಿಗಳೂ ಮುಂಗಾರಿನ ಹೊಸ್ತಿಲಿನಲ್ಲಿಯೇ ನಡೆದುವೆಂಬುದನ್ನು ಓದುಗರು ಗಮನಿಸಬೇಕು.

ಇಂತಹ ದುಃಖದ ಬಳಿಕ ಜನರು ತಮ್ಮ ತಮ್ಮ ಮನೆಯಲ್ಲಿಯೇ ಏನಾದರೊಂದು ಉಪಾಯವನ್ನು ಹುಡುಕುವುದು ಸಹಜವೇ. ಬೆಳ್ಳಿಯ ಎರಡು ಕಡ್ಡಿಗಳನ್ನು ನೀರಿನಲ್ಲಿಟ್ಟು ಬ್ಯಾಟರಿಯನ್ನು ಹಚ್ಚಿದರೆ "ಬೆಳ್ಳಿಯ ನೀರು" ಸಿದ್ಧವಾಗುವುದೆಂದೂ, ಅದನ್ನು ಕುಡಿದರೆ ಯಾವ ಬೇನೆಯೂ ಹತ್ತಿರ ಸುಳಿಯದೆಂದೂ, ಬೆಳೆಗೆ ಸಿಂಪಡಿಸಿದರೆ ಬೂದಿರೋಗವೂ ಹೋಗುವುದೆಂದೂ ಕೇಳಿಬಂದ ಕೆಲವರು ಇದು ನಿಜವೇ ಎಂದು ವಿಚಾರಿಸಿದ್ದುಂಟು. ಬರಿಯ "ಇಲ್ಲ" ಎಂಬ ಉತ್ತರದಿಂದ ಕೇಳುವವರಿಗೆ ಸಮಾಧಾನವಾಗಲಾರದು. ಆದುದರಿಂದ ಆ ನೀರು ಹೇಗೆ ಆಗುತ್ತದೆ, ಅದರ ಸಾಂದ್ರತೆಯನ್ನು ಅಳೆಯುವ ಬಗೆ ಯಾವುದು, ಅದು ಎಲ್ಲಿ ಎಡವುತ್ತದೆ, ಅದರ ಬದಲಿಗೆ ನಾವು ಮನೆಯಲ್ಲಿಯೇ ಮಾಡಿಕೊಳ್ಳಬಹುದಾದುದು ಏನು ಎಂಬುದನ್ನು ತಕ್ಕಷ್ಟು ವಿವರವಾಗಿಯೇ ಇಲ್ಲಿ ಬರೆದಿದೆ.

ಬೆಳ್ಳಿಯ ಗುಣ

ಬೆಳ್ಳಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿ ಉಂಟೆಂಬುದು ಸುಳ್ಳಲ್ಲ. ಪಾರಸಿಕ ದೊರೆಯಾದ ಸೈರಸನು ದಂಡೆತ್ತಿ ಹೋಗುವಾಗ ಖೋಆಸ್ಪೆಸ್ ನದಿಯ ನೀರನ್ನು ಕಾಯಿಸಿ ಬೆಳ್ಳಿಯ ಪಾತ್ರೆಗಳಲ್ಲಿ ತುಂಬಿಸಿ ಒಯ್ಯುತ್ತಿದ್ದನೆಂದು ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು ಬರೆದಿಟ್ಟಿದ್ದಾನೆ. ಕಾಯಿಸಿ ಒಯ್ಯುತ್ತಿದ್ದನೆಂಬ ಮಾತನ್ನು ಮಾತ್ರ ಬೆಳ್ಳಿಯನ್ನು ಹೊಗಳುವವರು ಮರೆತುಬಿಡುವರು. ಲೋಹಗಳು ಅತ್ಯಲ್ಪ ಪ್ರಮಾಣದಲ್ಲಿ ನೀರಿಗಿಳಿದು ಜೀವಾಣುಗಳನ್ನು ಕೊಲ್ಲುವ ಈ ಗುಣಕ್ಕೆ ಸ್ವಿಜರ್ಲೆಂಡಿನ ಸಸ್ಯಶಾಸ್ತ್ರಜ್ಞರಾದ ನೇಗೆಲಿಯವರ ೧೮೯೩ರ ಲೇಖನವು ಮೊಟ್ಟಮೊದಲು ಒಂದು ಶಾಸ್ತ್ರೀಯ ಹೆಸರನ್ನು ಕೊಟ್ಟಿತು. ನಮ್ಮ ಹಿರಿಯರ ತಾಮ್ರದ ಕೊಡವೂ ಇದೇ ಜಾತಿಯ ಗುಣವುಳ್ಳದ್ದು. ತಾಮ್ರದ ಪಾತ್ರೆಯಲ್ಲಿ ೧೬ ಗಂಟೆಗಳ ಕಾಲ ನಿಂತ ನೀರಿನಲ್ಲಿ ಕಾಲರಾ, ಆಮಶಂಕೆ ಮುಂತಾದವುಗಳ ಜೀವಾಣುಗಳು ಉಳಿಯಲಿಲ್ಲವೆಂದು ಬೆಂಗಳೂರಿನ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದರು. ಹದಿನಾರು ಗಂಟೆ! ಮಧ್ಯಾಹ್ನಕ್ಕೆ ಬೇಕಾದ ನೀರಿಗೆ ಅಷ್ಟು ವ್ಯವಧಾನ ಯಾರಿಗಿದೆ?

ಶೋಧಕಗಳಲ್ಲಿ ಬೆಳ್ಳಿಯ ಉಪಯೋಗ ಬೇರೆಯೇ ಬಗೆಯದು. ೧೯೮೧ರಲ್ಲಿ ಗ್ವಾಟೆಮಾಲಾ ದೇಶದ ರಸಾಯನಜ್ಞರಾದ ಫರ್ನಾಂಡೋ ಮಝರಿಯೆಗೋಸರು ಜೇಡಿಮಣ್ಣಿಗೆ ಮರದ ಪುಡಿಯನ್ನು ಕಲಸಿ ಸುಟ್ಟು, ಸೂಕ್ಷ್ಮ ರಂಧ್ರಗಳುಳ್ಳ ಕುಡಿಕೆಯನ್ನು ಮಾಡಿ, ಅದಕ್ಕೆ ಬೆಳ್ಳಿಯ ದ್ರಾವಣವನ್ನು ಬಳಿಯುವ ಉಪಾಯವನ್ನು ಕಂಡುಕೊಂಡರು. ೨೦೦೯ರಲ್ಲಿ ಟಾಟಾ ಸಂಸ್ಥೆಯವರು ಹೊರತಂದ ಸ್ವಚ್ಛ್ ಎಂಬ ಶೋಧಕದಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಅಂಟಿಸಲಾಗಿತ್ತು. ಮಾನ್ವಿ ರಾಯಚೂರುಗಳ ಅಕ್ಕಿ ಗಿರಣಿಗಳ ಹಿಂದೆ ಬೆಟ್ಟದಂತೆ ಬಿದ್ದಿರುವ ಹೊಟ್ಟಿಗೆ ಇಂತಹ ಯೋಗವೂ ಉಂಟೆಂಬುದು ನಮ್ಮ ರೈತರಿಗೆ ತಿಳಿದಿರಲಿ. ಇವುಗಳಲ್ಲಿ ನೀರನ್ನು ಸೋಸುವ ಕೆಲಸದ ಭಾರವು ಬಹುಮಟ್ಟಿಗೆ ಮಣ್ಣಿನದು ಅಥವಾ ಬೂದಿಯದು. ಬೆಳ್ಳಿಯು ಅಲ್ಲಿಯೇ ಅಂಟಿಕೊಂಡು ಜೀವಾಣುಗಳನ್ನು ತಡೆಯಬೇಕೇ ಹೊರತು ಲೋಟಕ್ಕೆ ಇಳಿದು ನಮ್ಮ ಹೊಟ್ಟೆಗೆ ಸೇರಬೇಕೆಂಬುದು ಅದನ್ನು ಮಾಡಿದವರ ಉದ್ದೇಶವಲ್ಲ.

ತಯಾರಿಕೆಯ ಕ್ರಮವೂ ಅಳತೆಯೂ

ಬೆಳ್ಳಿಯ ನೀರೆಂದರೆ ಉಪ್ಪು ಕರಗಿದಂತೆ ಬೆಳ್ಳಿಯು ಕರಗಿದ ನೀರಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ತಳಕ್ಕಿಳಿಯದೆ ತೇಲುತ್ತಿರುವ ನೀರು. ಇದಕ್ಕೆ ಕಲಿಲವೆಂದು ಹೆಸರು. ಹಾಲೂ ಒಂದು ಬಗೆಯ ಕಲಿಲವೇ. ಇದನ್ನು ಮಾಡುವವರು ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಅಪರಂಜಿ ಬೆಳ್ಳಿಯ ಎರಡು ತಂತಿಗಳನ್ನು ಒಂದಕ್ಕೊಂದು ತಗುಲದಂತೆ ನಿಲ್ಲಿಸಿ, ಒಂದನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಋಣ ತುದಿಗೂ ಜೋಡಿಸುವರು. ಧನ ತಂತಿಯಿಂದ ಬೆಳ್ಳಿಯು ಅಯಾನುಗಳ ರೂಪದಲ್ಲಿ ಕಳಚಿಕೊಂಡು ನೀರಿಗಿಳಿಯುವುದು. ಅದರಲ್ಲಿ ಒಂದಂಶವು ಕಣವಾಗಿ ಮಾರ್ಪಡುವುದು, ಒಂದಂಶವು ಅಯಾನಾಗಿಯೇ ಉಳಿಯುವುದು, ಮತ್ತೊಂದಂಶವು ಋಣ ತಂತಿಗೆ ಕಪ್ಪಗೆ ಮೆತ್ತಿಕೊಳ್ಳುವುದು ಅಥವಾ ಗಸಿಯಾಗಿ ತಳಕ್ಕೆ ಬೀಳುವುದು.

ಎಷ್ಟು ಬೆಳ್ಳಿಯು ತಂತಿಯಿಂದ ಬಿಟ್ಟಿತೆಂಬುದಕ್ಕೆ ಮೈಕೇಲ್ ಫ್ಯಾರಡೆಯವರ ನಿಯಮವೇ ಆಧಾರ. ಒಂದು ಆಂಪಿಯರ್ ಪ್ರವಾಹವು ಒಂದು ಸೆಕೆಂಡು ಹರಿದರೆ ೧.೧೧೮ ಮಿಲಿಗ್ರಾಂ ಬೆಳ್ಳಿಯು ಕಳಚುವುದು. ಈ ಲೆಕ್ಕ ಎಷ್ಟು ನಂಬಿಕೆಯದೆಂದರೆ, ಹಿಂದೆ ಒಂದು ಕಾಲದಲ್ಲಿ ಆಂಪಿಯರ್ ಎಂಬ ಮಾನವನ್ನೇ ಬೆಳ್ಳಿಯ ತೂಕದಿಂದ ಗೊತ್ತುಮಾಡಿದ್ದರು. ಆಂಪಿಯರಿನ ಸಾವಿರದ ಒಂದು ಭಾಗವು, ಎಂದರೆ ಒಂದು ಮಿಲಿ ಆಂಪಿಯರ್, ಒಂದು ಗಂಟೆ ಹರಿದರೆ ಸುಮಾರು ೪ ಮಿಲಿಗ್ರಾಂ. ಹತ್ತು ಮಿಲಿ ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು ೪೦ ಮಿಲಿಗ್ರಾಂ. ಪತ್ತಾರನ ಗುಲಗಂಜಿಯ ಮೂರನೆಯ ಒಂದು ಪಾಲು. ಒಂದು ಲೀಟರು ನೀರಿನಲ್ಲಿ ಒಂದು ಮಿಲಿಗ್ರಾಂ ಇದ್ದರೆ ಅದನ್ನು ಹತ್ತು ಲಕ್ಷಕ್ಕೆ ಒಂದು ಭಾಗವೆಂದು ಕರೆಯುವರು. ಆದಕಾರಣ ಮೇಲಿನ ೪೦ ಮಿಲಿಗ್ರಾಂ ಒಂದು ಲೀಟರಿನಲ್ಲಿ ಬಿದ್ದರೆ ಸಾಂದ್ರತೆಯು ಹೆಚ್ಚೆಂದರೆ ಹತ್ತು ಲಕ್ಷಕ್ಕೆ ೪೦. ಹೆಚ್ಚೆಂದರೆ ಎಂಬ ಮಾತು ಮುಖ್ಯವಾದುದು. ಮೆತ್ತಿಕೊಂಡದ್ದೂ ಗಸಿಯಾದದ್ದೂ ಎಷ್ಟೆಂಬುದನ್ನು ಈ ಲೆಕ್ಕವು ಹೇಳಲಾರದು.

ಕಾಗದದ ಮೇಲೆ ಇಷ್ಟು ಸುಲಭವಾದುದು ಮನೆಯ ಜಗಲಿಯ ಮೇಲೆ ಕೈಕೊಡುವುದಕ್ಕೆ ಕಾರಣವಿದೆ. ಶುದ್ಧ ನೀರು ವಿದ್ಯುತ್ತನ್ನು ಬಹು ಕಷ್ಟದಿಂದ ಬಿಡುವುದರಿಂದ ಮೊದಲಲ್ಲಿ ಪ್ರವಾಹವು ಇಲ್ಲವೆನ್ನುವಷ್ಟು ಅಲ್ಪವಾಗಿರುತ್ತದೆ. ಬೆಳ್ಳಿಯು ನೀರಿಗಿಳಿದಂತೆಲ್ಲ ದಾರಿಯು ಸುಗಮವಾಗಿ ಪ್ರವಾಹವು ಏರುತ್ತ ಹೋಗುತ್ತದೆ. ಏರಿದಷ್ಟೂ ಬೆಳ್ಳಿಯು ಬೇಗ ಇಳಿಯುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಆದ ಕೆಲಸವೂ ಕಡೆಯ ಅರ್ಧ ಗಂಟೆಯಲ್ಲಿ ಆದ ಕೆಲಸವೂ ಸಮನಲ್ಲ. ಬರಿಯ ಗಡಿಯಾರವನ್ನು ನೋಡಿಕೊಂಡು ನಿಲ್ಲಿಸುವವನಿಗೆ ಒಂದು ದಿನ ಐದು, ಇನ್ನೊಂದು ದಿನ ಐವತ್ತು. ಪ್ರವಾಹವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸಾಧನ, ಅದನ್ನು ತೋರಿಸುವ ಮಾಪಕ, ತಂತಿಯ ತೂಕವನ್ನು ಮೊದಲೂ ಆಮೇಲೂ ಮಿಲಿಗ್ರಾಮಿನವರೆಗೆ ತೂಗುವ ತಕ್ಕಡಿ, ಇವು ಮೂರೂ ಇಲ್ಲದೆ ಸಾಂದ್ರತೆಯ ಮಾತನ್ನೇ ಆಡುವಂತಿಲ್ಲ.

ಪೇಟೆಯಲ್ಲಿ ಸಿಕ್ಕುವ, ನೀರಿನಲ್ಲಿ ಅದ್ದಿದೊಡನೆ ಅಂಕೆಯನ್ನು ತೋರಿಸುವ ಕಡ್ಡಿಯಂತಹ ಮಾಪಕವನ್ನು ಕೆಲವರು ನಂಬುವರು. ಅದು ನೀರಿನಲ್ಲಿ ಕರಗಿದ ಲವಣಗಳ ವಿದ್ಯುದ್ವಾಹಕತೆಯನ್ನು ಅಳೆದು ಲೆಕ್ಕಹಾಕುವ ಸಾಧನ. ತೇಲುವ ಬೆಳ್ಳಿಯ ಕಣವು ಅದರ ಗಣನೆಗೆ ಬಾರದು; ಬೆಳ್ಳಿಯ ಅಯಾನು ಯಾವುದು, ಉಪ್ಪಿನ ಅಯಾನು ಯಾವುದು ಎಂಬ ಭೇದವನ್ನೂ ಅದು ಅರಿಯದು. ನೀರು ತಿಳಿ ಹಳದಿಯ ಬಣ್ಣಕ್ಕೆ ತಿರುಗಿದರೆ ಕಣಗಳು ಹುಟ್ಟಿವೆಯೆಂದೂ, ಕತ್ತಲೆಯಲ್ಲಿ ಬೆಳಕಿನ ಕಿರಣವನ್ನು ಹಾಯಿಸಿದಾಗ ಅದರ ದಾರಿಯು ನೀರಿನೊಳಗೆ ಕಾಣಿಸಿದರೆ ಅದು ಕಲಿಲವೆಂದೂ ಹೇಳಬಹುದು. ಆದರೆ ಒಂದು ತೊಟ್ಟು ಹಾಲು ಬಿದ್ದ ನೀರೂ ಕಿರಣದ ದಾರಿಯನ್ನು ಅಷ್ಟೇ ಚೆನ್ನಾಗಿ ತೋರಿಸುವುದು. ನಿಜವಾದ ಪ್ರಮಾಣವನ್ನು ಪ್ರಯೋಗಶಾಲೆಯ ಯಂತ್ರವೇ ಹೇಳಬೇಕು.

ಇನ್ನು, ಕಾಲುಗೆಜ್ಜೆಯನ್ನೋ ಉಡಿದಾರವನ್ನೋ ತಂತಿಯ ಬದಲಿಗೆ ಉಪಯೋಗಿಸಬಹುದೇ ಎಂದು ಕೇಳುವವರಿಗೆ ಒಂದು ಮಾತು. ಒಡವೆಯ ಬೆಳ್ಳಿಯಲ್ಲಿ ಗಟ್ಟಿತನಕ್ಕೆಂದು ತಾಮ್ರವನ್ನು ಬೆರೆಸುವರು. ಬೆಸುಗೆಯಲ್ಲಿ ಬೇರೆ ಲೋಹಗಳೂ ಇರುವುವು. ಬ್ಯಾಟರಿಯನ್ನು ಹಚ್ಚಿದರೆ ಅವೆಲ್ಲವೂ ನೀರಿಗೆ ಇಳಿಯುವುವು. ಪ್ರವಾಹವು ಬೇಗ ಹರಿಯಲೆಂದು ಚಿಟಿಕೆ ಉಪ್ಪನ್ನು ಹಾಕುವುದಂತೂ ಇನ್ನೂ ಅವಿವೇಕ. ಉಪ್ಪಿನ ಕ್ಲೋರೈಡು ಬೆಳ್ಳಿಯನ್ನು ಹಿಡಿದುಕೊಂಡು ಬಿಳಿಯ ಮೋಡದಂತಹ ಗಸಿಯಾಗಿಬಿಡುವುದು.

ಕುಡಿಯಲು ಇದು ಏಕೆ ಸಲ್ಲದು

ಈಗ ಹೇಳಿದ ಕಡೆಯ ಮಾತೇ ನಮ್ಮ ಸೀಮೆಗೆ ದೊಡ್ಡ ಅಡ್ಡಿ. ರಾಯಚೂರು ಜಿಲ್ಲೆಯ ಕೊಳವೆಬಾವಿಗಳ ನೀರು ಅನೇಕ ಕಡೆ ಸವುಳು. ಸ್ನಾನಕ್ಕೆ ಸಾಬೂನು ನೊರೆಗೊಡದು, ಬೇಳೆ ಬೇಯದು. ಇಂತಹ ಲವಣಯುಕ್ತ ನೀರಿಗೆ ಬೆಳ್ಳಿಯ ದ್ರಾವಣವನ್ನು ಎಷ್ಟೇ ಜೋಕೆಯಿಂದ ಹನಿಸಿದರೂ, ಜೀವಾಣುವನ್ನು ಮುಟ್ಟುವ ಮೊದಲೇ ಅದರ ಬಹುಭಾಗವು ಕ್ಲೋರೈಡಿನ ಕೈಗೆ ಸಿಕ್ಕಿ ನಿಷ್ಪ್ರಯೋಜಕವಾಗುವುದು. ಮಾನ್ವಿಯ ಕಡೆ ಬೇಸಗೆಗೆಂದು ಕೆರೆಗೆ ತುಂಬಿಸಿಡುವ ಕಾಲುವೆಯ ನೀರಿನಲ್ಲಿ ಸವುಳು ಕಡಿಮೆಯಾದರೂ ಕೆಸರೂ ಪಾಚಿಯೂ ಹೆಚ್ಚು. ಬೆಳ್ಳಿಯು ಅವಕ್ಕೇ ಅಂಟಿಕೊಂಡು ಮುಗಿದುಹೋಗುವುದು. ಮೇಲಾಗಿ ಬೆಳ್ಳಿಯ ಕೆಲಸ ಬಹು ನಿಧಾನ. ವಿಶ್ವ ಆರೋಗ್ಯ ಸಂಸ್ಥೆಯವರು ಈ ವಿಷಯವನ್ನು ೨೦೧೮ರಲ್ಲಿ ಪರಿಶೀಲಿಸಿ, ಕುಡಿಯುವ ನೀರಿನ ಮುಖ್ಯ ಶುದ್ಧಿಕಾರಕವಾಗಿ ಬೆಳ್ಳಿಯನ್ನು ನೆಚ್ಚತಕ್ಕದ್ದಲ್ಲವೆಂಬ ಅಭಿಪ್ರಾಯಕ್ಕೆ ಬಂದರು.

ಕೆಲಸವಾಗದಿದ್ದರೂ ಕೇಡಿಲ್ಲವಷ್ಟೆ ಎನ್ನುವಂತೆಯೂ ಇಲ್ಲ. ನಮ್ಮ ದೇಶದ ಮಾನಕ ಸಂಸ್ಥೆಯು ಕುಡಿಯುವ ನೀರಿನಲ್ಲಿ ಬೆಳ್ಳಿಯು ಲೀಟರಿಗೆ ೦.೧ ಮಿಲಿಗ್ರಾಂ ಮೀರಬಾರದೆಂದು ಗೊತ್ತುಮಾಡಿದೆ. ಮನೆಯಲ್ಲಿ ಮಾಡಿದ ದ್ರಾವಣವು ಹತ್ತು ಲಕ್ಷಕ್ಕೆ ೧೦ ಇದ್ದರೂ ಅದು ಆ ಮಿತಿಯ ನೂರು ಪಾಲು. ಹೊಟ್ಟೆಗೆ ಸೇರಿದ ಬೆಳ್ಳಿಯಲ್ಲಿ ಒಂದು ಪಾಲು ಚರ್ಮದಲ್ಲಿಯೂ ಕಣ್ಣಿನ ಬಿಳಿಯಲ್ಲಿಯೂ ಉಗುರಿನ ಬುಡದಲ್ಲಿಯೂ ಕುಳಿತು, ಬಿಸಿಲು ತಗುಲಿದಂತೆಲ್ಲ ಮೈಯನ್ನು ಬೂದುನೀಲಿಗೆ ತಿರುಗಿಸುವುದು. ಆ ಬಣ್ಣವು ಹೋಗುವುದು ಬಹುಮಟ್ಟಿಗೆ ಅಸಾಧ್ಯ. ಬಿಸಿಲಿನಲ್ಲಿಯೇ ಬಾಳುವ ಬೇಸಾಯಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ರಾಜಕಾರಣಿ ಸ್ಟ್ಯಾನ್ ಜೋನ್ಸ್ ಎಂಬವರು ೧೯೯೯ರಲ್ಲಿ, ಹೊಸ ಶತಮಾನ ಬಂದೊಡನೆ ಔಷಧಗಳು ಸಿಗದೆಹೋಗಬಹುದೆಂದು ಹೆದರಿ, ಮನೆಯಲ್ಲಿಯೇ ಬೆಳ್ಳಿಯ ನೀರನ್ನು ಮಾಡಿ ಕುಡಿಯತೊಡಗಿದರು. ೨೦೦೨ರ ಚುನಾವಣೆಗೆ ನಿಂತಾಗ ಅವರ ಮೋರೆಯ ನೀಲಿಯು ದೇಶವಿದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದೇ ೧೯೯೯ರಲ್ಲಿ ಆ ದೇಶದ ಔಷಧ ನಿಯಂತ್ರಣ ಇಲಾಖೆಯು, ವೈದ್ಯರ ಚೀಟಿಯಿಲ್ಲದೆ ಮಾರುವ ಬೆಳ್ಳಿಯ ಕಲಿಲವನ್ನು ಸುರಕ್ಷಿತವೆಂದಾಗಲಿ ಗುಣಕಾರಿಯೆಂದಾಗಲಿ ಒಪ್ಪಲಾಗದೆಂದು ನಿಯಮ ಮಾಡಿತು.

ಒಂದು ಲೆಕ್ಕವನ್ನು ನೋಡಿರಿ. ಒಬ್ಬ ಮನುಷ್ಯನ ಇಡೀ ಆಯುಷ್ಯದಲ್ಲಿ ಒಟ್ಟು ಸುಮಾರು ೧೦ ಗ್ರಾಂ ಬೆಳ್ಳಿಯು ಹೊಟ್ಟೆಗೆ ಹೋದರೆ ಹಾನಿ ತೋರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹತ್ತು ಲಕ್ಷಕ್ಕೆ ೧೦ರ ದ್ರಾವಣವನ್ನು ದಿನಕ್ಕೆ ೨೦೦ ಮಿಲಿಲೀಟರಿನ ಒಂದು ಲೋಟ ಕುಡಿದರೆ ನಿತ್ಯವೂ ೨ ಮಿಲಿಗ್ರಾಂ. ಆಯುಷ್ಯದ ಪಾಲು ತೀರಲು ಹದಿಮೂರು ವರ್ಷದ ಮೇಲೆ ಬೇಕು. ಕೈತಪ್ಪಿ ಅದು ನೂರಾಗಿದ್ದರೆ ೫೦೦ ದಿನಕ್ಕೇ ಮುಗಿಯಿತು. ಎರಡು ಲೋಟಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಇದು ಹತ್ತರದು, ಇದು ನೂರರದು ಎಂದು ಬರಿಗಣ್ಣಿನಿಂದ ಖಚಿತವಾಗಿ ಹೇಳಬಲ್ಲವರಿಲ್ಲ.

ಬೆಳೆಯ ವಿಷಯ ಬಂದಿತಾದ್ದರಿಂದ ಅದನ್ನೂ ಮುಗಿಸಿಬಿಡೋಣ. ಬೆಳ್ಳಿಗೆ ಸಸ್ಯಶಾಸ್ತ್ರದಲ್ಲಿ ಒಂದು ನಿಶ್ಚಿತ ಸ್ಥಾನವುಂಟು. ಕಾಯಿಯನ್ನು ಹಣ್ಣಾಗಿಸುವ ಎಥಿಲೀನ್ ಅನಿಲದ ಪ್ರಭಾವವನ್ನು ಬೆಳ್ಳಿಯ ಅಯಾನು ತಡೆಯುವುದೆಂದು ೧೯೭೬ರಲ್ಲಿ ಬೆಯರ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟರು. ಅಂದಿನಿಂದ ಕೊಯ್ದ ಕಾರ್ನೇಷನ್ ಹೂವುಗಳು ಬೇಗ ಬಾಡದಿರಲೆಂದು ಬೆಳ್ಳಿಯ ಲವಣವನ್ನು ಬಳಸಿದ್ದುಂಟು. ಹೆಣ್ಣು ಹೂವುಗಳನ್ನೇ ಬಿಡುವ ಸೌತೆಯ ತಳಿಯಲ್ಲಿ ಗಂಡು ಹೂವನ್ನು ಬರಿಸಿ ಬೀಜ ಕಟ್ಟಿಸಲು ತಳಿವಿಜ್ಞಾನಿಗಳು ಬೆಳ್ಳಿಯ ನೈಟ್ರೇಟನ್ನು ಸಿಂಪಡಿಸುವರು. ಇವು ಪಳಗಿದವರ ಕೆಲಸ. ಮೆಣಸಿನ ಗಿಡಕ್ಕೂ ಹತ್ತಿಗೂ ಮನೆಯ ಬೆಳ್ಳಿನೀರನ್ನು ಎರಚುವುದರಿಂದ ಕೂಲಿಯೂ ಹೋಗುವುದು, ಹದವೂ ಹೋಗುವುದು. ಸಸ್ಯರಕ್ಷಣೆಗೆಂದು ಯಾರಾದರೂ ಅದನ್ನು ಬಾಟಲಿಯಲ್ಲಿ ಮಾರಿದರೆ, ೧೯೬೮ರ ಕೀಟನಾಶಕಗಳ ಅಧಿನಿಯಮದಂತೆ ನೋಂದಣಿಯಾಗಿದೆಯೇ ಎಂದು ಚೀಟಿಯನ್ನು ನೋಡಿ ಕೇಳತಕ್ಕದ್ದು.

ಚೆಲುವೆ ಪುಡಿ

ಹಾಗಾದರೆ ಮನೆಯಲ್ಲಿ ನಾವು ಮಾಡಿಕೊಳ್ಳಬಹುದಾದ ದ್ರಾವಣ ಯಾವುದು? ಬ್ಲೀಚಿಂಗ್ ಪುಡಿಯೆಂದು ಕಿರಾಣಿ ಅಂಗಡಿಯಲ್ಲಿಯೂ ಸಿಕ್ಕುವ ಚೆಲುವೆ ಪುಡಿಯದು. ಇದಕ್ಕೆ ಬೆಳ್ಳಿಯ ಮೆರುಗಿಲ್ಲ. ಅಗ್ಗವಾದುದಕ್ಕೆ ಮರ್ಯಾದೆಯೂ ಕಡಿಮೆ. ಆದರೆ ಇದರ ಬಲವನ್ನು ಅಳೆಯಬಹುದು, ಕೆಲಸವಾಯಿತೋ ಇಲ್ಲವೋ ಎಂದು ಹಳ್ಳಿಯಲ್ಲಿಯೇ ಪರೀಕ್ಷಿಸಬಹುದು, ಹೆಚ್ಚಾದರೆ ಮೂಗೇ ಹೇಳುವುದು. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು ೩೩ ಪಾಲು ಉಪಯುಕ್ತ ಕ್ಲೋರಿನ್ ಇರುವುದು. ಗಾಳಿ, ಬೆಳಕು, ತೇವ, ಸೆಕೆ, ಈ ನಾಲ್ಕೂ ಇದಕ್ಕೆ ವೈರಿಗಳು. ರಾಯಚೂರಿನ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಬಾಯಿತೆರೆದ ಚೀಲದಲ್ಲಿ ಬಿದ್ದಿದ್ದ ಪುಡಿಯು ನೋಡಲು ಬೆಳ್ಳಗೇ ಇದ್ದರೂ ಅದರಲ್ಲಿ ಉಳಿದಿರುವುದು ಬಹುಪಾಲು ಸುಣ್ಣ. ಊರ ಬಾವಿಗೆ ಪುಡಿ ಹಾಕಿಸಿದ್ದೇವೆಂದು ನೆಮ್ಮದಿಯಿಂದ ಇರುವವರು ಇದನ್ನು ಮರೆಯತಕ್ಕದ್ದಲ್ಲ.

ಬಾವಿಗೆ ಹಾಕುವ ಪ್ರಮಾಣ: ಒಳ್ಳೆಯ ಪುಡಿಯಾದರೆ ೧,೦೦೦ ಲೀಟರು ತಿಳಿ ನೀರಿಗೆ ೨.೫ ಗ್ರಾಂ. ಇದರಿಂದ ಲೀಟರಿಗೆ ಸುಮಾರು ೦.೭ ಮಿಲಿಗ್ರಾಂ ಕ್ಲೋರಿನ್ ದೊರೆಯುವುದು. ಬಾವಿಯ ನೀರೆಷ್ಟೆಂದು ತಿಳಿಯಲು ಬಾವಿಯ ಅಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ೩.೧೪ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಬೇಕು, ಅಳತೆಗಳೆಲ್ಲ ಮೀಟರಿನಲ್ಲಿರಲಿ. ಬಂದ ಸಂಖ್ಯೆಯನ್ನು ಸಾವಿರದಿಂದ ಗುಣಿಸಿದರೆ ಲೀಟರುಗಳಾದುವು. ದೇವದುರ್ಗದ ಕಡೆಯ ಒಂದು ದೊಡ್ಡಿಯ ಬಾವಿಯು ೩ ಮೀಟರು ಅಗಲವಿದ್ದು ೪ ಮೀಟರು ನೀರು ನಿಂತಿದೆಯೆಂದು ಇಟ್ಟುಕೊಳ್ಳೋಣ. ಮೂರು ಮೂರಲೆ ಒಂಬತ್ತು, ಒಂಬತ್ತು ನಾಲ್ಕಲೆ ಮೂವತ್ತಾರು, ಅದನ್ನು ೩.೧೪ರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ೨೮.೨೬. ಎಂದರೆ ೨೮,೨೬೦ ಲೀಟರು. ಬೇಕಾದ ಪುಡಿಯು ೭೧ ಗ್ರಾಂ. ಪುಡಿಯು ಹಳೆಯದಾಗಿ ಅರ್ಧ ಬಲ ಕಳೆದುಕೊಂಡಿದ್ದರೆ ಅದರ ಎರಡರಷ್ಟು.

ಪುಡಿಯನ್ನು ನೇರವಾಗಿ ಬಾವಿಗೆ ಎರಚುವುದು ನಮ್ಮಲ್ಲಿ ರೂಢಿಯಾಗಿದೆ. ಇದು ತಪ್ಪು. ಬಕೀಟಿನಲ್ಲಿ ಮೊದಲು ಸ್ವಲ್ಪ ನೀರಿನೊಡನೆ ಪುಡಿಯನ್ನು ಗಂಟಿಲ್ಲದಂತೆ ಕಲಸಿ, ಬಳಿಕ ಬಕೀಟಿನ ಮುಕ್ಕಾಲು ಪಾಲು ನೀರು ತುಂಬಿ ಚೆನ್ನಾಗಿ ತಿರುವಬೇಕು. ಒಂದು ಬಕೀಟಿಗೆ ೧೦೦ ಗ್ರಾಮಿಗಿಂತ ಹೆಚ್ಚು ಪುಡಿ ಬೇಡ. ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣವು ತಳಕ್ಕೆ ಕೂಡುವುದು. ಮೇಲಿನ ತಿಳಿಯನ್ನು ಇನ್ನೊಂದು ಬಕೀಟಿಗೆ ಬಗ್ಗಿಸಿಕೊಂಡು, ಸುಣ್ಣದ ಗಸಿಯನ್ನು ಬಾವಿಯಿಂದ ದೂರ ಚೆಲ್ಲತಕ್ಕದ್ದು. ಅದು ಬಾವಿಗೆ ಬಿದ್ದರೆ ನೀರು ಇನ್ನಷ್ಟು ಗಡಸಾಗುವುದು. ತಿಳಿಯುಳ್ಳ ಬಕೀಟನ್ನು ಹಗ್ಗದಿಂದ ನೀರಿನ ಮಟ್ಟಕ್ಕಿಂತ ಕೆಳಗಿಳಿಸಿ ಮೇಲಕ್ಕೂ ಕೆಳಕ್ಕೂ ಎಳೆದಾಡಿದರೆ ದ್ರಾವಣವು ಎಲ್ಲ ಕಡೆಯೂ ಬೆರೆಯುವುದು. ಕಡಿಮೆಯೆಂದರೆ ಒಂದು ಗಂಟೆ ಯಾರೂ ನೀರು ಸೇದತಕ್ಕದ್ದಲ್ಲ. ರಾತ್ರಿ ಊರು ಮಲಗುವ ಹೊತ್ತಿಗೆ ಈ ಕೆಲಸವನ್ನು ಮಾಡಿದರೆ ಯಾರ ಜಗಳವೂ ಇಲ್ಲ.

ಮನೆಯ ಕೊಡಕ್ಕೆ ಬೇರೊಂದು ಕ್ರಮ. ನೂರಕ್ಕೆ ೨೫ ಪಾಲು ಬಲವುಳ್ಳ ಪುಡಿಯನ್ನು ೪೦ ಗ್ರಾಂ ತೂಗಿ ಒಂದು ಲೀಟರು ನೀರಿನಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿಯನ್ನು ಬಣ್ಣದ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಶೀಶೆಯಲ್ಲಿ ಬಿರಡೆ ಹಾಕಿ ಕತ್ತಲೆಯಲ್ಲಿಡಬೇಕು. ಲೋಹದ ಪಾತ್ರೆ ಕೂಡದು. ಇದು ನೂರಕ್ಕೆ ಒಂದು ಪಾಲಿನ ದ್ರಾವಣ. ಒಂದು ಮಿಲಿಲೀಟರಿನಲ್ಲಿ ೧೦ ಮಿಲಿಗ್ರಾಂ ಕ್ಲೋರಿನ್. ಹದಿನೈದು ಲೀಟರಿನ ಕೊಡಕ್ಕೆ ೩ ಮಿಲಿಲೀಟರು ಹಾಕಿದರೆ ಲೀಟರಿಗೆ ೨ ಮಿಲಿಗ್ರಾಂ ಆಯಿತು. ಸೂಜಿಯಿಲ್ಲದ ಐದು ಮಿಲಿಲೀಟರಿನ ಪಿಚಕಾರಿಯು ಔಷಧದ ಅಂಗಡಿಯಲ್ಲಿ ದೊರೆಯುವುದು. ಅಳತೆಗೆ ಅದಕ್ಕಿಂತ ಒಳ್ಳೆಯ ಸಾಧನ ಬೇಡ. ಕಲಕಿ, ಮುಚ್ಚಿ, ಅರ್ಧ ಗಂಟೆ ಬಿಟ್ಟು ಕುಡಿಯಬಹುದು. ಶೀಶೆಯ ದ್ರಾವಣವನ್ನು ವಾರಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳುವುದು ಲೇಸು.

ಕಾಲುವೆಯ ಕೆಂಪು ನೀರನ್ನು ಹಾಗೆಯೇ ಕೊಡಕ್ಕೆ ತುಂಬಿ ದ್ರಾವಣವನ್ನು ಹಾಕಿದರೆ, ಬೆಳ್ಳಿಯ ಗತಿಯೇ ಇದಕ್ಕೂ ಆಗುವುದು: ಕೆಸರು ಕ್ಲೋರಿನ್ನನ್ನು ನುಂಗಿಬಿಡುವುದು. ಆದುದರಿಂದ ಮೊದಲು ಪಟಿಕದ ತುಂಡನ್ನು ನಾಲ್ಕಾರು ಸುತ್ತು ತಿರುವಿಯೋ, ಹಿರಿಯರು ಮಾಡುತ್ತಿದ್ದಂತೆ ಚಿಲ್ಲದ ಬೀಜವನ್ನು ಕೊಡದ ಒಳಗೋಡೆಗೆ ತೇಯ್ದೋ ನೀರನ್ನು ತಿಳಿಗೊಳಿಸಿ, ಮಡಿಚಿದ ಬಿಳಿಯ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಆ ಮೇಲೂ ನೀರು ಮಬ್ಬಾಗಿದ್ದರೆ ದ್ರಾವಣದ ಪ್ರಮಾಣವನ್ನು ಇಮ್ಮಡಿ ಮಾಡಬೇಕು.

ಹದ ಸರಿಯಾಯಿತೆಂದು ತಿಳಿಯುವ ಬಗೆ ಇದು. ಅರ್ಧ ಗಂಟೆಯ ಬಳಿಕವೂ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರಬೇಕು. ಉಳಿದಿದ್ದರೆ ಮಾತ್ರ ಜೀವಾಣುಗಳ ಪಾಲು ತೀರಿತೆಂದು ಅರ್ಥ. ನಮ್ಮ ಮಾನಕದಂತೆ ಇದು ಲೀಟರಿಗೆ ೦.೨ ಮಿಲಿಗ್ರಾಮಿಗಿಂತ ಕಡಿಮೆಯಾಗಬಾರದು, ೧ ಮಿಲಿಗ್ರಾಂ ಮೀರಬಾರದು. ಪರೀಕ್ಷಾ ಪೆಟ್ಟಿಗೆಯ ಔಷಧದ ಹನಿಗಳನ್ನು ಹಾಕಿ, ನೀರಿಗೆ ಬಂದ ಬಣ್ಣವನ್ನು ಪೆಟ್ಟಿಗೆಯ ಬಣ್ಣದ ಪಟ್ಟಿಯೊಡನೆ ಹೋಲಿಸಿ ನೋಡುವುದು ಐದು ನಿಮಿಷದ ಕೆಲಸ. ೨೦೧೯ರಲ್ಲಿ ಜಲಜೀವನ ಯೋಜನೆಯು ಆರಂಭವಾದ ಬಳಿಕ ಗ್ರಾಮಗಳ ಹೆಣ್ಣುಮಕ್ಕಳಿಗೇ ಇಂತಹ ಪರೀಕ್ಷೆಯನ್ನು ಕಲಿಸುವ ಏರ್ಪಾಡಾಯಿತು; ನಿಮ್ಮ ಪಂಚಾಯತಿಯ ಪೆಟ್ಟಿಗೆಯು ಕಪಾಟಿನಲ್ಲಿ ಬೀಗದೊಳಗಿದ್ದರೆ ತೆಗೆಸಿರಿ. ಇನ್ನೊಂದು ಪರೀಕ್ಷೆಯನ್ನು ೧೯೮೨ರಲ್ಲಿ ಗ್ವಾಲಿಯರಿನ ರಕ್ಷಣಾ ಪ್ರಯೋಗಶಾಲೆಯವರು ಕಂಡುಹಿಡಿದರು. ಮದ್ದು ಹಾಕಿದ ಸಣ್ಣ ಶೀಶೆಗೆ ನೀರನ್ನು ತುಂಬಿಟ್ಟು ಒಂದೆರಡು ದಿನದಲ್ಲಿ ಅದು ಕಪ್ಪಗಾದರೆ ಆ ನೀರಿಗೆ ಮಲದ ಸಂಪರ್ಕವಾಗಿದೆಯೆಂದು ಶಂಕಿಸಬೇಕು. ಓದುಬರಹ ಬಾರದವರೂ ಇದನ್ನು ನೋಡಿ ತಿಳಿಯಬಲ್ಲರು.

ಎಚ್ಚರಿಕೆಯ ಮಾತುಗಳು ಕೆಲವಿವೆ. ಹತ್ತಿಗೆ ಸಿಂಪಡಿಸುವ ಔಷಧದ ಮುಚ್ಚಳವನ್ನಾಗಲಿ ಅಳತೆಯ ಬಟ್ಟಲನ್ನಾಗಲಿ ಈ ಕೆಲಸಕ್ಕೆ ಎಷ್ಟು ತೊಳೆದರೂ ಉಪಯೋಗಿಸತಕ್ಕದ್ದಲ್ಲ. ಔಷಧದ ಖಾಲಿ ಡಬ್ಬಿಯಲ್ಲಿ ನೀರು ತುಂಬಿಟ್ಟು ಹೊಲಕ್ಕೆ ಒಯ್ಯುವವರನ್ನು ಇಂದಿಗೂ ಕಾಣುತ್ತೇವೆ. ಜೀವಾಣುವಿನಿಂದ ತಪ್ಪಿಸಿಕೊಂಡು ವಿಷಕ್ಕೆ ಬಾಯೊಡ್ಡಿದಂತೆ. ಚೆಲುವೆ ಪುಡಿಗೆ ಶೌಚಾಲಯ ತೊಳೆಯುವ ಆಮ್ಲವು ತಗುಲಿದರೆ ಉಸಿರುಕಟ್ಟಿಸುವ ವಿಷದ ಗಾಳಿ ಏಳುವುದರಿಂದ ಎರಡನ್ನೂ ಒಂದೇ ಗೂಡಿನಲ್ಲಿಡಬಾರದು. ಮಕ್ಕಳ ಕೈಗೆ ಎಟುಕಬಾರದೆಂಬುದು ಸರಿಯಷ್ಟೆ. ಪುಡಿಯೂ ಇಲ್ಲ, ಪರೀಕ್ಷೆಯೂ ಇಲ್ಲ ಎನ್ನುವ ದಿನ ಒಲೆಯಾದರೂ ಇರುವುದು: ನೀರು ಕೊತಕೊತನೆ ಕುದಿಯತೊಡಗಿದ ಮೇಲೆ ಒಂದು ನಿಮಿಷವಾದರೂ ಕುದಿಸಿ ಆರಿಸಿ ಕುಡಿಯಬೇಕು. ಯಾರಿಗಾದರೂ ಭೇದಿ ಹತ್ತಿದರೆ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಪಾಟು ಚಹಾ ಚಮಚೆ ಸಕ್ಕರೆ ಮತ್ತು ಅರ್ಧ ಚಮಚೆ ಉಪ್ಪನ್ನು ಕರಗಿಸಿ ಕುಡಿಸುತ್ತಲೇ ದವಾಖಾನೆಗೆ ಒಯ್ಯತಕ್ಕದ್ದು.

ಈ ಕ್ರಮಗಳೆಲ್ಲವೂ ಜೀವಾಣುಗಳ ವಿಷಯಕ್ಕೆ ಮಾತ್ರ ಸಲ್ಲುವುವು. ರಾಯಚೂರು ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿದೆ. ಕೆಲವದರಲ್ಲಿ ಆರ್ಸೆನಿಕ್ ಎಂಬ ಪಾಷಾಣವೂ ಕಂಡುಬಂದಿದೆ. ಮಕ್ಕಳ ಹಲ್ಲಿನ ಕಂದು ಕಲೆಯೂ ಹಿರಿಯರ ಬಗ್ಗದ ಬೆನ್ನೂ ಫ್ಲೋರೈಡಿನ ಗುರುತುಗಳು. ಬೆಳ್ಳಿಯಾಗಲಿ ಚೆಲುವೆ ಪುಡಿಯಾಗಲಿ ಇವನ್ನು ತೆಗೆಯಲಾರದು. ಕುದಿಸಿದರೆ ನೀರು ಇಂಗಿ ಇವು ಇನ್ನಷ್ಟು ಗಟ್ಟಿಯಾಗುವುವು. ಇಂತಹ ಬಾವಿಯ ನೀರನ್ನು ಜಿಲ್ಲೆಯ ನೀರಿನ ಪ್ರಯೋಗಶಾಲೆಗೆ ಕಳುಹಿಸಿ, ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ್ದರೆ ಆ ನೀರನ್ನು ಬಟ್ಟೆ ಒಗೆಯುವುದಕ್ಕೂ ಸಾರಣೆಗೂ ಬಿಟ್ಟು, ಕುಡಿಯಲು ಬೇರೆ ಸೆಲೆಯನ್ನು ಹುಡುಕತಕ್ಕದ್ದು. ಮಾದರಿಯನ್ನು ತುಂಬುವ ಶೀಶೆಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಬಾಯಿಮಟ್ಟ ತುಂಬಿ, ಊರಿನ ಹೆಸರು, ಬಾವಿಯ ಗುರುತು, ದಿನಾಂಕ ಇವನ್ನು ಚೀಟಿಯ ಮೇಲೆ ಬರೆದು ಅಂಟಿಸಬೇಕು. ಚೆಲುವೆ ಪುಡಿಯ ಡಬ್ಬಿಗೂ ಅದನ್ನು ತೆರೆದ ದಿನಾಂಕದ ಒಂದು ಚೀಟಿ ಇರಲಿ.